ನಾನು ಸೇರಿಸಿದ ಹುಣ್ಣಿಮೆ

ಹಿಂದೊಮ್ಮೆ ಅಂಕಿಯಿಲ್ಲದ ದಿನ ಬಂದಾಗ ಪಂಚಾಕ್ಷರಿ ಮೇಷ್ಟರ ಮನೆಗೆ ಹದಿನೇಳು ಸಂಸಾರಗಳು ಊಟಕ್ಕೆ ಬಂದು ಕೂತಿದ್ದವು. ಮೇಷ್ಟರ ಹೆಂಡತಿ ಎದುರಿಗೆ ಸಿಕ್ಕವರಿಗೆಲ್ಲ ‘ಒಂದಿನ ಮನೆ ಕಡೆ ಊಟಕ್ಕೆ ಬನ್ನಿ’ ಅನ್ನುವವರು, ಸಿಕ್ಕವರೆಲ್ಲ ‘ಅದಕ್ಕೇನಂತೆ, ಬರೋಣ’ ಅನ್ನುವವರು. ಯಾವ ದಿನ ಎಂದು ಯಾರೂ ಹೇಳಿರಲಿಲ್ಲ. ನಮ್ಮೂರಿನಲ್ಲಿ ದಿನ ಹೇಳದೆ ಆಡಿದ ಮಾತಿಗೆಲ್ಲ ಅಂಕಿಯಿಲ್ಲದ ದಿನವೇ ಗಡುವು. ಬೆಳಿಗ್ಗೆ ಎದ್ದು ಗೋಡೆಯ ಕ್ಯಾಲೆಂಡರಿನಿಂದ ಹದಿನಾಲ್ಕನ್ನು ಹರಿದರೆ ಕೆಳಗೆ ಹದಿನೈದು ಇರುವುದಿಲ್ಲ, ಬರೀ ಬಿಳಿ ಹಾಳೆ ಇರುತ್ತದೆ. ಎಲ್ಲರ ಮನೆಯಲ್ಲೂ ಹಾಗೇ. ಹದಿನೈದು ಅದರ ಮಾರನೆಯ ದಿನ ಬರುತ್ತದೆ. ಹೊರಗಿನ ಊರುಗಳಲ್ಲಿ ಆ ದಿನವೇ ಇಲ್ಲದ್ದರಿಂದ ಬಸ್ಸು ಬರುವುದಿಲ್ಲ, ಫೋನು ಮಾಡಿದರೆ ಆ ಕಡೆ ಯಾರೂ ಎತ್ತುವುದಿಲ್ಲ. ದೀಪ ಹಚ್ಚುವ ಹೊತ್ತಿನೊಳಗೆ ಆಡಿದ್ದನ್ನು ನಡೆಸಿಕೊಡಬೇಕು. ಇಲ್ಲದಿದ್ದರೆ ಆ ಮಾತು ಅಲ್ಲಿಗೆ ಮುಗಿಯಿತು. ಪಾಪ, ಮೇಷ್ಟರ ಹೆಂಡತಿ ಅವತ್ತು ಪಕ್ಕದ ಆರು ಮನೆಗಳ ಒಲೆಯಲ್ಲೂ ಅನ್ನಕ್ಕಿಟ್ಟರು.

ಆ ದಿನ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ನನಗೀಗ ಐವತ್ತಾರು, ಈವರೆಗೆ ನಾಲ್ಕು ಸಲ ನೋಡಿದ್ದೇನೆ. ಒಮ್ಮೆ ಆರು ವರ್ಷಕ್ಕೇ ಬಂದಿತ್ತು, ಒಮ್ಮೆ ಹತ್ತೊಂಬತ್ತು ವರ್ಷ ಕಾಯಿಸಿತ್ತು. ದಿನ ಹೇಳಿ ಕೊಟ್ಟ ಮಾತಿನ ಲೆಕ್ಕವೇ ಬೇರೆ. ಹೇಳಿದ ದಿನ ನಡೆಯದಿದ್ದರೆ ಅದು ಸತ್ತಂತೆ. ಮಾತು ಪಡೆದವರು ಹೊಸಿಲ ಹೊರಗೆ ನಿಂತು ಎಳ್ಳುನೀರು ಬಿಟ್ಟು ಒಳಗೆ ಹೋಗುತ್ತಾರೆ. ಆಮೇಲೆ ಮಾತು ಕೊಟ್ಟವರು ಚಿನ್ನದ ತಟ್ಟೆಯಲ್ಲಿ ಇಟ್ಟು ತಂದರೂ ಮನೆಯೊಳಗೆ ಸೇರಿಸುವುದಿಲ್ಲ. ಸತ್ತ ಮಾತನ್ನು ಒಳಗೆ ಕರೆದುಕೊಂಡರೆ ಮನೆಯ ಮಕ್ಕಳಿಗೆ ಆಗಿಬರುವುದಿಲ್ಲ ಎಂಬುದು ನಮ್ಮ ಜನರ ನಂಬಿಕೆ.

ಹೀಗಾಗಿ ಊರಲ್ಲಿ ಎರಡು ಬಗೆಯ ಜನ. ಬಾಯಿಗೆ ಬಂದ ಹಾಗೆ ‘ನೋಡೋಣ’, ‘ಬರೋಣ’, ‘ಒಂದಿನ ಮಾಡೋಣ’ ಎನ್ನುತ್ತ ಹಾಯಾಗಿ ಓಡಾಡಿಕೊಂಡಿರುವವರು ಹೆಚ್ಚು. ಆಡುವ ಪ್ರತಿ ಮಾತಿಗೂ ವಾರ ತಿಥಿ ಅಂಟಿಸುವವರು ಕಡಿಮೆ, ಅವರ ಪೈಕಿ ನಾನು ಮೊದಲನೆಯವಳು. ‘ಸಂಜೆ ಸಿಗ್ತೀನಿ’ ಎಂದರೆ ನನಗೆ ಸಮಾಧಾನವಿಲ್ಲ. ‘ಐದೂಕಾಲಿಗೆ’ ಎನ್ನಬೇಕು. ಅಂಬುಜಾಕ್ಷಿಯ ಹತ್ತಿರ ಮಾತಾಡುವಾಗ ಗಡಿಯಾರ ನೋಡಿಕೊಂಡು ಬಾಯಿ ಬಿಡಬೇಕು ಎಂದು ನನ್ನ ಹಿಂದೆ ಆಡಿಕೊಳ್ಳುವುದು ನನಗೂ ಕೇಳಿಸಿದೆ. ಆಡಿಕೊಳ್ಳಲಿ. ಅಂಕಿಯಿಲ್ಲದ ದಿನ ಊರಿಗೆ ಊರೇ ದಿಕ್ಕೆಟ್ಟು ಓಡಾಡುವಾಗ ಜಗುಲಿಯಲ್ಲಿ ಕಾಲು ಚಾಚಿ ಕೂರುವುದು ನಾನೊಬ್ಬಳೇ.

ನನ್ನ ಕಸುಬು ದುಭಾಷಿಯದು. ಇಂಗ್ಲಿಷಿನ ಕಾಗದ ಪತ್ರ ಓದಿ ಹೇಳುವುದು, ಬರೆದುಕೊಡುವುದು. ಜಪಾನಿ ಭಾಷೆಯನ್ನು ಅಂಚೆಯಲ್ಲಿ ಪಾಠ ತರಿಸಿಕೊಂಡು ಕಲಿತೆ. ಯಾಕೆ ಎಂದು ಕೇಳಿದರೆ ಕನ್ನಡ ಬಂದವರೂ ಇಂಗ್ಲಿಷ್ ಬಂದವರೂ ಊರಲ್ಲಿ ಬೇಕಾದಷ್ಟು ಜನ ಇದ್ದರು, ಜಪಾನಿ ಬಂದವರು ಯಾರೂ ಇರಲಿಲ್ಲ. ಅಹಂಕಾರ ಎಂದರೂ ಸರಿಯೇ. ನಮ್ಮದು ರೇಷ್ಮೆ ನೂಲು ಬಿಚ್ಚುವ ಊರು. ಹೊಸ ಬಗೆಯ ಬಾಣಲೆಯಲ್ಲಿ ಗೂಡು ಬೇಯಿಸಿ ಸಣ್ಣ ಎಳೆ ತೆಗೆಯುವುದನ್ನು ಕಲಿಸಲು ಜಪಾನಿನಿಂದ ನಿಶಿವಾಕಿ ಎಂಬ ಅರವತ್ತು ದಾಟಿದ ಮನುಷ್ಯ ಬಂದಾಗ ನನ್ನ ಅಹಂಕಾರಕ್ಕೆ ಕೆಲಸ ಸಿಕ್ಕಿತು. ಊರಿನವರು ಅವರನ್ನು ನಿಶಿಯಪ್ಪನವರು ಎಂದರು. ಎರಡು ವರ್ಷ ಅವರ ಬಾಯಿ ನಾನೇ ಆಗಿದ್ದೆ.

ಅವರ ಜೊತೆಗಿನ ನನ್ನ ಕಷ್ಟವೆಲ್ಲ ಹೊತ್ತಿನದೇ. ಇಂಗ್ಲಿಷಿನವರು ‘ಸಮ್‌ಡೇ’ ಎಂದುಬಿಟ್ಟರೆ ಹೇಳಿದವನೂ ಕೇಳಿದವನೂ ಕೈ ತೊಳೆದುಕೊಂಡು ಎದ್ದ ಹಾಗೆ. ನಿಶಿವಾಕಿಯವರ ಭಾಷೆಯಲ್ಲಿ ಗೊತ್ತಿಲ್ಲದ ದಿನಕ್ಕೂ ಹತ್ತಿರ ದೂರ ಇತ್ತು. ‘ಇತ್ಸುಕ’ ಎಂದರೆ ದೂರದ್ದು, ಮುಂದೆ ಯಾವತ್ತಾದರೂ ಆಗಬಹುದಾದದ್ದಕ್ಕೂ ಅದೇ ಮಾತು, ಹಿಂದೆ ಯಾವತ್ತೋ ಆಗಿಹೋದದ್ದಕ್ಕೂ ಅದೇ. ‘ಸೊನೊಉಚಿ’ ಎಂದರೆ ಇನ್ನೇನು ಎನ್ನುವಂಥದ್ದು, ಆದರೆ ಆ ಇನ್ನೇನು ಒಂದು ವಾರವೂ ಆದೀತು ಒಂದು ವರ್ಷವೂ ಆದೀತು. ‘ಇಜುರೆ’ ಎಂದರೆ ಆಗುವುದಂತೂ ಆಗುತ್ತದೆ, ದಿನ ಮಾತ್ರ ನಮ್ಮ ಕೈಯಲ್ಲಿಲ್ಲ. ನನ್ನ ಮುಖ ಗಂಟಾದದ್ದು ನೋಡಿ ಅವರು ಇಂಗ್ಲಿಷಿಗೆ ಬರುತ್ತಿದ್ದರು. ಅಲ್ಲಿ ಈ ಮೂರಕ್ಕೂ ಒಂದೇ ‘ಸಮ್‌ಟೈಮ್’. ನಾನು ‘ಎಷ್ಟನೇ ತಾರೀಕು?’ ಎಂದು ಕೇಳಿದರೆ ನಗುತ್ತಿದ್ದರು. ಮಿಷನ್ನಿನ ಹಲ್ಲುಚಕ್ರ ಸೊನೊಉಚಿ ಬರುತ್ತದೆ ಎಂದರೆ ನಾನು ನೂಲು ಬಿಚ್ಚುವ ಶೆಡ್ಡಿನವರಿಗೆ ‘ಬರೋ ಗುರುವಾರ ಬರುತ್ತಂತೆ’ ಎನ್ನುತ್ತಿದ್ದೆ. ಹೊರಗಿನವರಿಗೆ ನಮ್ಮ ಬಿಳಿ ಹಾಳೆಯ ವಿಚಾರ ಹೇಳುವ ಪದ್ಧತಿ ಇಲ್ಲ, ಹೇಳಿದರೂ ಅವರು ನಂಬುವುದಿಲ್ಲ. ಗೊತ್ತಿಲ್ಲದ ಮನುಷ್ಯನನ್ನು ಅದರ ಬಾಯಿಗೆ ಯಾಕೆ ಕೊಡಬೇಕು ಎಂದು ನನ್ನ ವಾದ. ಆ ಗುರುವಾರ ಹಲ್ಲುಚಕ್ರ ಬಂದೇಬಿಟ್ಟಿತು. ಇನ್ನೆರಡು ಸಲವೂ ನನ್ನ ಅಂದಾಜು ಸರಿಹೋಯಿತು. ಅಲ್ಲಿಂದ ನಾನು ಲಂಗುಲಗಾಮಿಲ್ಲದೆ ಅವರ ಮಾತಿಗೆಲ್ಲ ದಿನ ಸೇರಿಸತೊಡಗಿದೆ.

ಅವರ ಹತ್ತಿರ ಕೆಲಸ ಕಲಿತವರಲ್ಲಿ ಕೈ ಕುದುರಿದ್ದು ಚನ್ನಾಜಮ್ಮನದು. ಚನ್ನಾಜಮ್ಮ ಆರು ಬಾಣಲೆಯ ಸಣ್ಣ ಶೆಡ್ ಇಟ್ಟುಕೊಂಡು ಮಗಳು ಶಿವಮಣಿಯನ್ನು ಒಬ್ಬಳೇ ಸಾಕಿದವಳು. ಗಂಡ ‘ಒಂದಲ್ಲ ಒಂದಿನ ಬತ್ತೀನಿ ಕಣೆ’ ಎಂದು ಹೇಳಿ ಹೋದವನು. ಅದಾದ ಮೇಲೆ ಬಂದ ಅಂಕಿಯಿಲ್ಲದ ದಿನ ಆಕೆ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿಕೊಂಡು, ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಹೊಸಿಲ ಮೇಲೆ ಕೂತದ್ದನ್ನು ನಾನು ಎದುರು ಜಗುಲಿಯಿಂದ ಕಣ್ಣಾರೆ ಕಂಡಿದ್ದೇನೆ. ಅವನು ಬರಲಿಲ್ಲ. ಆಕೆ ಎದ್ದು ಸೀರೆ ಕೊಡವಿಕೊಂಡು ಒಳಗೆ ಹೋಗಿ ಅಡುಗೆ ಮಾಡಿದಳು. ಅವತ್ತೇ ನಾನು ಮನಸ್ಸಿನಲ್ಲಿ, ಈ ಹೆಂಗಸಿಗೆ ಇನ್ನು ಯಾರೂ ದಿನವಿಲ್ಲದ ಮಾತು ಕೊಡಬಾರದು ಎಂದುಕೊಂಡಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ, ಆದರೂ ಅಂದುಕೊಂಡಿದ್ದೆ.

ನಿಶಿವಾಕಿಯವರು ಹೊರಡುವ ದಿನ ಚನ್ನಾಜಮ್ಮ ಬಸ್ ನಿಲ್ದಾಣಕ್ಕೆ ಒಂದು ದೊಡ್ಡ ಕಟ್ಟು ನೂಲಿನ ಲಡಿ ತಂದಳು. ಹೊಸ ಬಾಣಲೆಯಲ್ಲಿ ತಾನು ಬಿಚ್ಚಿದ ಮೊದಲ ನೂಲು, ಒಂದು ಗ್ರಾಮೂ ಮಾರದೆ ಎತ್ತಿಟ್ಟದ್ದು. “ಗುರುದಕ್ಷಿಣೆ ಅಂತ ಹೇಳಿ ಅಕ್ಕ” ಎಂದು ನನಗೆ ಹೇಳಿದಳು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ಒಂದೆಳೆ ಎಳೆದು ಬೆಳಕಿಗೆ ಹಿಡಿದು, ತುಂಬ ಹೊತ್ತು ನೋಡಿದರು. ಆಮೇಲೆ ತಮ್ಮ ಭಾಷೆಯಲ್ಲಿ ಹೇಳಿದರು: ಇದನ್ನು ನೇಯಿಸಿ ನಾನೇ ತಂದುಕೊಡುತ್ತೇನೆ, ಇಜುರೆ.

ಚನ್ನಾಜಮ್ಮ ನನ್ನ ಮುಖ ನೋಡಿದಳು. ನನಗೆ ಹೊಸಿಲ ಮೇಲೆ ಕೂತಿದ್ದ ಆಕೆಯೇ ಕಾಣಿಸಿದಳು. “ನಿನ್ನ ನೂಲನ್ನ ನೇಯಿಸಿ ತಂದುಕೊಡ್ತಾರಂತೆ ಕಣೇ” ಎಂದೆ, ಒಂದು ಕ್ಷಣ ತಡೆದು, “ಬರೋ ವೈಶಾಖದ ಹುಣ್ಣಿಮೆಗೆ” ಎಂದೆ. ಎಂಟು ತಿಂಗಳು ಒಂದು ಬಟ್ಟೆಗೆ ಧಾರಾಳವಾಯಿತು ಎಂದು ನನ್ನ ಲೆಕ್ಕ. ಆಕೆಯ ಮುಖ ಅರಳಿತು. ಅವರು ಆ ಮುಖ ನೋಡಿ ಸೊಂಟ ಬಾಗಿಸಿ ವಂದಿಸಿದರು. ಬಸ್ಸು ಹೊರಟಿತು, ನಾನು ಬಹಳ ಒಳ್ಳೆಯ ಕೆಲಸ ಮಾಡಿದೆನೆಂದು ಬೀಗಿಕೊಂಡು ಮನೆಗೆ ಬಂದೆ.

ಆಕೆ ಆ ಹುಣ್ಣಿಮೆಯನ್ನು ನಂಬಿ ಶಿವಮಣಿಯ ಮದುವೆಯನ್ನು ಅದಾದ ಮೂರನೆಯ ದಿನಕ್ಕೆ ಇಟ್ಟುಕೊಳ್ಳುತ್ತಾಳೆಂದು ನನಗೇನು ಕನಸೇ? ಧಾರೆಗೆ ತನ್ನ ನೂಲಿನ ಬಟ್ಟೆಯೇ ಬರುತ್ತದೆಂದು ಬೀಗರಿಗೆ ಹೇಳಿ, ಬೇರೆ ಸೀರೆ ತರಲಿಲ್ಲ. ನನಗೆ ವಿಷಯ ತಿಳಿಯುವ ಹೊತ್ತಿಗೆ ಲಗ್ನಪತ್ರಿಕೆ ಹಂಚಿ ಆಗಿತ್ತು. ನಿಶಿವಾಕಿಯವರಿಗೆ ಕಾಗದ ಬರೆದೆ, ಉತ್ತರ ಬರಲಿಲ್ಲ. ಅವತ್ತೇ ಹೋಗಿ ನಿಜ ಹೇಳಿಬಿಡಬೇಕಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೆ. ಹುಣ್ಣಿಮೆ ಬಂತು, ಹೋಯಿತು. ಧಾರೆಯ ಬೆಳಿಗ್ಗೆ ಬೀಗರ ಕಡೆಯ ಹೆಂಗಸರು ‘ಎಲ್ಲಿದೆಯಮ್ಮ ನಿಮ್ಮ ಜಪಾನಿನ ಸೀರೆ?’ ಎಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಾಗ ನಾನು ಮನೆಗೆ ಓಡಿ ನನ್ನ ತಾಯಿಯ ಧಾರೆ ಸೀರೆ ತಂದುಕೊಟ್ಟೆ. ಶಿವಮಣಿ ಅದನ್ನುಟ್ಟು ಹಸೆಗೇರಿದಳು. ಚನ್ನಾಜಮ್ಮ ನನ್ನ ಎರಡೂ ಕೈ ಹಿಡಿದುಕೊಂಡು “ನನ್ ಮಾನ ಉಳಿಸಿದ್ರಿ ಅಕ್ಕ, ನಿಮ್ ಋಣ ತೀರ್ಸಕ್ಕಾಗಲ್ಲ” ಎಂದಳು. ಬೆಂಕಿ ಮುಟ್ಟಿದ ಹಾಗೆ ಕೈ ಎಳೆದುಕೊಂಡೆ. ಮಾರನೆಯ ದಿನ ಆಕೆ ಹೊಸಿಲ ಹೊರಗೆ ನಿಂತು ಎಳ್ಳುನೀರು ಬಿಟ್ಟಳು. ಹೊಸ ಬಾಣಲೆಗಳನ್ನು ಮೂಲೆಗೆ ದಬ್ಬಿ ಹಳೆಯ ರೀತಿಯಲ್ಲೇ ನೂಲು ಬಿಚ್ಚತೊಡಗಿದಳು. ನಿಶಿಯಪ್ಪನವರ ಹೆಸರು ಆ ಬೀದಿಯಲ್ಲಿ ಮತ್ತೆ ಕೇಳಲಿಲ್ಲ.

ಎರಡು ತಿಂಗಳಾದ ಮೇಲೆ ನನ್ನ ವಿಳಾಸಕ್ಕೆ ಅವರ ಕಾಗದ ಬಂತು. ನೇಕಾರನಿಗೆ ಕಣ್ಣಿನ ಆಪರೇಷನ್ ಆಗಿದೆ, ಬಟ್ಟೆ ತಡವಾಗುತ್ತದೆ, ಚನ್ನಾಜಮ್ಮನಿಗೆ ಹೇಳಿ ಎಂದಿತ್ತು. ನನ್ನ ಕಾಗದ ಅವರಿಗೆ ತಲುಪಿದ ಸುಳಿವೇ ಅದರಲ್ಲಿರಲಿಲ್ಲ. ಓದಿ ಹೇಳಿದ್ದರೆ ಹುಣ್ಣಿಮೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತಿತ್ತು. ಟ್ರಂಕಿನ ತಳಕ್ಕೆ ಸೇರಿಸಿದೆ. ಮರುವರ್ಷ ಇನ್ನೊಂದು, ಆಸ್ಪತ್ರೆಯಿಂದ ಬರೆದದ್ದು. ಮತ್ತೆರಡು ವರ್ಷಕ್ಕೆ ಮೂರನೆಯದು: ಬಟ್ಟೆ ಕೈಗೆ ಬಂದಿದೆ, ಡಾಕ್ಟರು ಒಪ್ಪಿದರೆ ಹೊರಡುತ್ತೇನೆ, ಅವರು ಇನ್ನೂ ಕಾಯುತ್ತಿದ್ದಾರೆಯೇ? ನಾನು ‘ಕಾಯುತ್ತಿದ್ದಾಳೆ’ ಎಂದು ಉತ್ತರ ಬರೆದೆ. ಯಾಕೆ ಬರೆದೆನೆಂದು ಈಗಲೂ ನನಗೆ ತಿಳಿಯದು. ಊರಿನವರ ಕಣ್ಣಿಗೆ ನಾನು ಮಾತ್ರ ಮೊದಲಿನ ಹಾಗೇ ಕಟ್ಟುನಿಟ್ಟಿನ ಅಂಬುಜಾಕ್ಷಿ.

ಹೋದ ವರ್ಷ ಒಂದು ಬೆಳಿಗ್ಗೆ ಕ್ಯಾಲೆಂಡರಿನ ಹಾಳೆ ಹರಿದೆ, ಕೆಳಗೆ ಬಿಳಿ ಹಾಳೆ. ಬೀದಿಯಲ್ಲಿ ಆಗಲೇ ಗುಲ್ಲೆದ್ದಿತ್ತು. ದರ್ಜಿ ತಿಮ್ಮಾಚಾರಿ ಹೆಗಲ ತುಂಬ ಯಾರ್ಯಾರದೋ ರವಿಕೆಗಳನ್ನು ಹೇರಿಕೊಂಡು ಓಡುತ್ತಿದ್ದ, ಅದರಲ್ಲಿ ಅರ್ಧದಷ್ಟು ಯಾರ ಮೈಗೂ ಆಗದಷ್ಟು ಹಳೆಯವು. ‘ಒಂದಿನ ಕೂತು ಮಾತಾಡೋಣ’ ಎಂದವರೆಲ್ಲ ಪಾರ್ಕಿನ ಕಲ್ಲುಬೆಂಚುಗಳ ಮೇಲೆ ಜೋಡಿ ಜೋಡಿಯಾಗಿ ಕೂತು, ಏನು ಮಾತಾಡಬೇಕಿತ್ತು ಎಂದು ನೆನಪಿಸಿಕೊಳ್ಳುತ್ತಿದ್ದರು. ಪಂಚಾಕ್ಷರಿ ಮೇಷ್ಟರ ಮನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ನಾನು ಕಾಫಿ ಲೋಟ ಹಿಡಿದು ಜಗುಲಿಗೆ ಬಂದೆ. ಮೆಟ್ಟಿಲ ಕೆಳಗೆ ಊರುಗೋಲು ಊರಿಕೊಂಡು, ಬಟ್ಟೆಯ ಗಂಟೊಂದನ್ನು ಎದೆಗೆ ಅವಚಿಕೊಂಡು ನಿಶಿವಾಕಿಯವರು ನಿಂತಿದ್ದರು. ಹಿಂದಿನ ದಿನ ಸಂಜೆಯ ಬಸ್ಸಿಗೆ ಬಂದು ಲಾಡ್ಜಿನಲ್ಲಿ ಇಳಿದುಕೊಂಡಿದ್ದರಂತೆ. ಮೈ ಅರ್ಧಕ್ಕರ್ಧ ಇಳಿದುಹೋಗಿತ್ತು. “ಇವತ್ತು ಹಬ್ಬವೇ? ಎಲ್ಲರೂ ಓಡುತ್ತಿದ್ದಾರೆ” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಲೋಟ ನನ್ನ ಕೈಯಿಂದ ಜಾರಿತು.

ಏನು ಹೇಳುವುದು? ‘ಚನ್ನಾಜಮ್ಮ ಊರಲ್ಲಿಲ್ಲ’ ಎಂದು ಸುಳ್ಳು ಹೇಳಿ ಕಳಿಸಿಬಿಡಬಹುದಿತ್ತು. ಹಾಗೆ ಮಾಡಿದರೆ ಸಂಜೆ ದೀಪ ಹತ್ತುವ ಹೊತ್ತಿಗೆ ಅವರ ಮಾತು ನಿಜವಾಗಿಯೂ ಸಾಯುತ್ತಿತ್ತು. ಅವರು ಆಡಿದ್ದು ದಿನವಿಲ್ಲದ ಮಾತು. ಇಷ್ಟು ವರ್ಷ ಅದು ಬದುಕೇ ಇತ್ತು. ಇಡೀ ಊರಿನಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಟ್ರಂಕು ತೆರೆದು ಮೂರೂ ಕಾಗದಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವರ ಜೊತೆ ಹೊರಟೆ. ಹೇಳಬೇಕೆಂದು ನಿರ್ಧಾರ ಮಾಡಿದ್ದೆನೆಂದು ಹೇಳಲಾರೆ, ಕಾಗದ ಮಾತ್ರ ತೆಗೆದುಕೊಂಡಿದ್ದೆ.

ಚನ್ನಾಜಮ್ಮ ಶೆಡ್ಡಿನಲ್ಲಿ ಕುದಿಯುವ ಬಾಣಲೆಯ ಮುಂದೆ ಕೂತಿದ್ದಳು. ಮದುವೆಯಾಗಿ ಐದು ವರ್ಷಕ್ಕೆ ಬಸುರಾದ ಶಿವಮಣಿ ಹೆರಿಗೆಗೆ ತವರಿಗೆ ಬಂದಿದ್ದವಳು, ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತು ಗೂಡು ಆರಿಸುತ್ತಿದ್ದಳು. ಅವರನ್ನು ಕಂಡದ್ದೇ “ಅವ್ವಾ” ಎಂದಳು. ಚನ್ನಾಜಮ್ಮ ತಲೆಯೆತ್ತಿ ನೋಡಿದಳು. ಮುಖದಲ್ಲಿ ಸಂತೋಷ ಉಕ್ಕಿದ್ದನ್ನೂ, ಮರುಕ್ಷಣ ಆಕೆ ಅದನ್ನು ಹಲ್ಲು ಕಚ್ಚಿ ಒಳಗೆ ನೂಕಿದ್ದನ್ನೂ ನಾನು ನೋಡಿದೆ. ಮತ್ತೆ ಬಾಣಲೆಯ ಕಡೆ ತಿರುಗಿ ಕೂತಳು. ನಿಶಿವಾಕಿಯವರು ಸೊಂಟ ಬಾಗಿಸಿ, ಎರಡೂ ಕೈಯಲ್ಲಿ ಗಂಟನ್ನು ಮುಂದೆ ಹಿಡಿದು ಹಾಗೇ ನಿಂತರು. ಊರುಗೋಲು ಕೆಳಗೆ ಬಿತ್ತು.

“ಅಕ್ಕ, ಅವ್ರಿಗೆ ಹೇಳಿ” ಎಂದಳು ಚನ್ನಾಜಮ್ಮ, ಗೋಡೆಗೆ ಹೇಳಿದ ಹಾಗೆ. “ಎಳ್ಳುನೀರು ಬಿಟ್ಟ ಮಾತನ್ನ ಮನೆ ಒಳಕ್ಕೆ ಸೇರಿಸ್ಕೊಳಕ್ಕಾಗಲ್ಲ. ಮಗಳು ತುಂಬಿದ ಬಸುರಿ. ಏನಾರ ಹೆಚ್ಚುಕಡ್ಮೆ ಆದ್ರೆ ನಾನ್ ಬದುಕಿರಲ್ಲ. ದೊಡ್ಡೋರು, ದೂರದಿಂದ ಬಂದವ್ರೆ, ಕೈ ಮುಗೀತೀನಿ. ತಕ್ಕೊಂಡು ಹೋಗಕ್ಕೆ ಹೇಳಿ.”

“ಏನು ಹೇಳಿದರು?” ಎಂದು ಅವರು ಕೇಳಿದರು. ನಾನು ಬಿದ್ದ ಊರುಗೋಲನ್ನು ಎತ್ತಿ ಗೋಡೆಗೆ ಒರಗಿಸಿದೆ. “ನನ್ನಿಂದ ಏನಾದರೂ ತಪ್ಪಾಯಿತೇ?” ಎಂದು ಮತ್ತೆ ಕೇಳಿದರು. ಆ ಬಾಗಿದ ಬೆನ್ನು ನೋಡಲಾಗಲಿಲ್ಲ.

“ಚನ್ನಾಜಮ್ಮ, ಆ ಹುಣ್ಣಿಮೆ ಅವರದ್ದಲ್ಲ ಕಣೇ” ಎಂದೆ. “ಅವರು ದಿನಾನೇ ಹೇಳಿರಲಿಲ್ಲ. ಹುಣ್ಣಿಮೆ ಅಂದದ್ದು ನಾನು. ನಾನೇ ಸೇರಿಸಿದ್ದು.”

ತಿರುಗುತ್ತಿದ್ದ ರಾಟೆ ನಿಂತಿತು. ನಾನು ಎಲ್ಲವನ್ನೂ ಹೇಳಿದೆ. ಮದುವೆಯ ಮುಂಚೆ ಗೊತ್ತಿದ್ದೂ ಬಾಯಿ ಬಿಡದ್ದು, ಕಾಗದಗಳು ಬಂದದ್ದು, ಬಚ್ಚಿಟ್ಟದ್ದು. ಸೆರಗು ಬಿಚ್ಚಿ ಮೂರನ್ನೂ ಆಕೆಯ ಮುಂದೆ ಇಟ್ಟೆ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಅವರಿಗೆ ಹೇಳಿದೆ, ನಮ್ಮೂರಿನ ಬಿಳಿ ಹಾಳೆಯ ಸಮೇತ. ಅವರು ನಂಬಿದರೋ ಇಲ್ಲವೋ, ತಲೆ ಮಾತ್ರ ಆಡಿಸಿದರು. ಆಮೇಲೆ, “ದಿನ ಕೇಳಲಿಲ್ಲವಲ್ಲ, ಅದಕ್ಕೇ ಈ ಹೆಂಗಸು ನನ್ನನ್ನು ಪೂರ್ತಿ ನಂಬಿದ್ದಾಳೆ ಅಂದುಕೊಂಡೆ. ಆ ನಂಬಿಕೆಗಾಗಿಯೇ ಬಂದೆ” ಎಂದರು.

ಅದನ್ನು ನಾನು ಅಕ್ಷರ ಬಿಡದೆ ಕನ್ನಡಕ್ಕೆ ತಂದೆ. ಚನ್ನಾಜಮ್ಮ ಬಾಣಲೆಯ ಕೆಳಗಿನ ಬೆಂಕಿ ಎಳೆದಳು. ಕೈ ಒರೆಸಿಕೊಂಡು ಎದ್ದು ನನ್ನೆದುರು ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು.

“ಅವತ್ತು ಬಸ್ ಸ್ಟ್ಯಾಂಡಲ್ಲಿ ಅವ್ರು ಏನಂದ್ರು? ಒಂದಕ್ಷರ ಸೇರಿಸ್ದೆ ಹೇಳಿ ಮೇಡಮ್ಮೋರೆ.”

ಇಪ್ಪತ್ತು ವರ್ಷದಿಂದ ನನ್ನನ್ನು ಅಕ್ಕ ಎನ್ನುತ್ತಿದ್ದವಳು ಮೇಡಮ್ಮೋರೆ ಎಂದಳು. “ನೂಲನ್ನ ನೇಯಿಸಿ ನಾನೇ ತಂದುಕೊಡ್ತೀನಿ, ತಂದೇ ಕೊಡ್ತೀನಿ, ಯಾವತ್ತು ಅನ್ನೋದು ಮಾತ್ರ ನನ್ನ ಕೈಲಿಲ್ಲ ಅಂದರು” ಎಂದೆ.

“ಅಷ್ಟೇನಾ?”

“ಅಷ್ಟೇ.”

“ಅಷ್ಟನ್ನೇ ಹೇಳಿದ್ರೆ ಸಾಕಾಗಿತ್ತಲ್ಲ! ಮಗಳಿಗೆ ಅಂಗಡೀಲಿ ಒಂದು ಸೀರೆ ತಂದು ಮದುವೆ ಮಾಡಿ, ಇದು ಬರೋ ದಿನ ಬರ್ಲಿ ಅಂತ ಕಾಯ್ತಿದ್ದೆ. ಕಾಯೋದು ನನಗೆ ಕಷ್ಟ ಅಂತ ನಿಮಗ್ಯಾರು ಹೇಳಿದ್ರು?”

“ನಿನ್ನ ಗಂಡನಿಗೆ ಕಾದು ಕೂತಿದ್ದು ನೋಡಿದ್ದೆ. ಇನ್ನೊಂದ್ಸಲ ಹಾಗಾಗಬಾರದು ಅಂತ...”

“ಅವತ್ತು ಬೆಳಿಗ್ಗೆಯಿಂದ ಸಂಜೆ ಗಂಟ ನಾನು ಹೊಸಿಲ ಮೇಲೆ ಎಷ್ಟು ಖುಷಿಯಾಗಿದ್ದೆ ಅಂತ ನಿಮಗೆ ಗೊತ್ತಾ? ತಲೆಗೆ ಹೂ ಮುಡ್ಕೊಂಡಿದ್ದೆ. ಸಂಜೆ ಮೇಲೆ ಅತ್ತೆ, ಅದು ಬೇರೆ. ಆ ಹನ್ನೆರಡು ಗಂಟೆ ನಂದು. ನೀವು ದೂರದಿಂದ ನೋಡಿ ಅಯ್ಯೋ ಪಾಪ ಅಂದ್ಕೊಂಡ್ರಿ. ಐದು ವರ್ಷ ಈ ದೊಡ್ಡೋರನ್ನ ಮನಸ್ನಲ್ಲಿ ಬೈಕೊಂಡೆ. ಅನ್ನ ಹಾಕಿದ ಕೈಯನ್ನ ಬೈದಂಗೆ ಬೈದೆ. ಅದನ್ನ ಯಾರು ವಾಪಸ್ ತಗೊಳೋರು?”

ಅಳು ಬಂತು, ಅತ್ತೆ. ನನಗಾಗಿ ಅತ್ತೆನೋ ಆಕೆಗಾಗಿಯೋ ಬಿಡಿಸಿ ಹೇಳಲಾರೆ. ಹೊರಗೆ ಬಿಸಿಲು ನೆತ್ತಿ ದಾಟಿತ್ತು. ಶಿವಮಣಿ ಕೈಯೂರಿ ಎದ್ದು “ಅವ್ವ, ಹೊತ್ತಾಯ್ತದೆ” ಎಂದಳು. “ದಿನ ಹೇಳದೆ ಇದ್ದದ್ದು ಅಂದ್ಮೇಲೆ ನೀನ್ ಬಿಟ್ಟಿದ್ದು ಇಲ್ದೆ ಇರೋ ಮಾತಿಗೆ ಎಳ್ಳುನೀರು. ಇವರ ಮಾತು ಇನ್ನೂ ಐತೆ. ಇಸ್ಕೊ.”

ಚನ್ನಾಜಮ್ಮ ಒಂದು ಗಳಿಗೆ ಮಗಳ ಹೊಟ್ಟೆ ನೋಡಿದಳು, ಒಂದು ಗಳಿಗೆ ಬಾಗಿಲಾಚೆಯ ಬಿಸಿಲು ನೋಡಿದಳು. ಆಮೇಲೆ ನಿಶಿವಾಕಿಯವರ ಮುಂದೆ ಹೋಗಿ ಸೆರಗೊಡ್ಡಿದಳು. ಅವರು ಗಂಟನ್ನು ಅದರಲ್ಲಿಟ್ಟು, ಹಾಗೇ ಕುಸಿದು ಶಿವಮಣಿಯ ಚಾಪೆಯ ಮೇಲೆ ಕೂತುಬಿಟ್ಟರು. ಶಿವಮಣಿ ನೀರು ತಂದುಕೊಟ್ಟಳು.

ಗಂಟು ಬಿಚ್ಚಿದರೆ ಒಳಗೆ ಸುರುಳಿ ಸುತ್ತಿದ ಕೆನೆ ಬಣ್ಣದ ಬಟ್ಟೆ. ಅಗಲ ಒಂದು ಮೊಳವೂ ಇಲ್ಲ, ಉದ್ದ ಮಾತ್ರ ಬಿಚ್ಚಿದಷ್ಟೂ ಮುಗಿಯದು. ಅವರ ಕಡೆಯ ಮಗ್ಗದಲ್ಲಿ ಬಟ್ಟೆ ನೇಯುವುದೇ ಅಷ್ಟು ಅಗಲಕ್ಕಂತೆ. ಚನ್ನಾಜಮ್ಮ ಅದನ್ನು ಸೊಂಟಕ್ಕೆ ಹಿಡಿದು ನೋಡಿದಳು, ಮಂಡಿಯವರೆಗೂ ಬರಲಿಲ್ಲ. “ಇದನ್ನ ಉಡಿಸಿ ಧಾರೆ ಎರೀಬೇಕು ಅಂತಿದ್ನಲ್ಲೋ ಶಿವನೇ!” ಎಂದಳು. ಮೊದಲು ನಕ್ಕದ್ದು ಶಿವಮಣಿ, ಆಮೇಲೆ ಆಕೆ. ಯಾಕೆ ನಗುತ್ತಿದ್ದಾರೆಂದು ಗೊತ್ತಾಗದೆ ನಿಶಿವಾಕಿಯವರೂ ನಕ್ಕರು. ಹಾಗೇ ಬಟ್ಟೆಯ ಮೇಲೆ ಬೆರಳಾಡಿಸುತ್ತ ಹೋದ ಚನ್ನಾಜಮ್ಮ ಒಂದು ಕಡೆ ನಿಲ್ಲಿಸಿದಳು. “ನೋಡು, ಇಲ್ಲಿ ಎಳೆ ಕಡಿದಿತ್ತು. ಗಂಟು ದಪ್ಪಕ್ಕೆ ಹಾಕಿದ್ದೆ, ಇವ್ರು ಬೈದಿದ್ರು. ನಂದೇ ನೂಲು” ಎಂದು ಬಟ್ಟೆಯನ್ನು ಕೆನ್ನೆಗೊತ್ತಿಕೊಂಡಳು. ನಿಶಿವಾಕಿಯವರು ನನ್ನ ಕಡೆ ತಿರುಗಿ, ಇದನ್ನು ಕತ್ತರಿಸದೆ ಮಡಿಸಿ ಹೊಲಿದರೆ ಮಗು ಬೆಳೆದ ಹಾಗೆ ಬಿಚ್ಚಿ ಮತ್ತೆ ಹೊಲಿಯಬಹುದು, ನಮ್ಮಲ್ಲಿ ಹಾಗೆ ಮಾಡುತ್ತಾರೆ ಎಂದರು. ಅಷ್ಟನ್ನೇ ಹೇಳಿದೆ, ಏನೂ ಸೇರಿಸಲಿಲ್ಲ.

ಊಟವಾದ ಮೇಲೆ ಚನ್ನಾಜಮ್ಮ ಕಾಗದಗಳನ್ನು ಓದಿಸಿದಳು. ಮೂರನ್ನೂ ಎರಡೆರಡು ಸಲ. ಶಿವಮಣಿ ದೀಪಕ್ಕೆ ಬತ್ತಿ ಹೊಸೆಯತೊಡಗಿದಳು. ನಾನು ಎದ್ದು ನಿಂತು, “ನನ್ನನ್ನ ಹೊಟ್ಟೆಗೆ ಹಾಕಿಕೊಳ್ತೀಯೇನೇ?” ಎಂದು ಕೇಳಿದೆ. ಕೇಳಲು ನನಗೆ ಮುಖವಿರಲಿಲ್ಲ, ಆದರೂ ಕೇಳಿದೆ.

ಆಕೆ ಕಾಗದಗಳನ್ನು ಮಡಿಸುತ್ತ ಯೋಚಿಸಿದಳು. “ಇವತ್ತಾಗಲ್ಲ” ಎಂದಳು. “ಆದ್ರೆ ಹಾಕ್ಕೊತೀನಿ. ಯಾವತ್ತು ಅಂತ ಕೇಳ್ಬೇಡಿ.”

ದಿನವಿಲ್ಲದ ಮಾತು. ಮೊದಲಿನ ಅಂಬುಜಾಕ್ಷಿಯಾಗಿದ್ದರೆ ‘ಯುಗಾದಿಗಾ? ದೀಪಾವಳಿಗಾ?’ ಎಂದು ದುಂಬಾಲು ಬೀಳುತ್ತಿದ್ದಳು. ನಾನು ಹೂಂ ಎಂದು ತಲೆಯಾಡಿಸಿ, ನಿಶಿವಾಕಿಯವರ ಕೈ ಹಿಡಿದುಕೊಂಡು ಲಾಡ್ಜಿನ ಕಡೆ ನಡೆದೆ. ಮನೆಮನೆಯಲ್ಲೂ ದೀಪ ಹಚ್ಚುತ್ತಿದ್ದರು. ಕೊಟ್ಟ ಮಾತು ನಡೆಸಿದವರೂ ನಡೆಸಲಾಗದವರೂ ಸುಸ್ತಾಗಿ ಜಗುಲಿಗಳಲ್ಲಿ ಕೂತಿದ್ದರು. ಮಾರನೆಯ ದಿನ ಬಂದ ಮೊದಲ ಬಸ್ಸಿಗೆ ಅವರು ಹೊರಟರು. ಚನ್ನಾಜಮ್ಮ ಬುತ್ತಿ ಕಟ್ಟಿಕೊಟ್ಟಳು.

ಇದಾಗಿ ವರ್ಷವಾಗುತ್ತ ಬಂತು. ಶಿವಮಣಿಗೆ ಹೆಣ್ಣು ಮಗುವಾಯಿತು, ತಾಯಿ ಮಗು ಚೆನ್ನಾಗಿದ್ದಾರೆ. ಹೊಸ ಬಾಣಲೆಗಳು ಮೂಲೆಯಿಂದ ಹೊರಬಂದಿವೆ. ನಡೆದದ್ದು ಊರಿಗೆಲ್ಲ ಗೊತ್ತಾಗಿ ನಾಲ್ಕು ತಿಂಗಳು ನನ್ನ ಹತ್ತಿರ ಯಾರೂ ಕಾಗದ ತರಲಿಲ್ಲ. ಈಗ ಒಬ್ಬೊಬ್ಬರಾಗಿ ಬರುತ್ತಿದ್ದಾರೆ, ‘ಇದ್ದದ್ದನ್ನ ಇದ್ದ ಹಾಗೆ ಓದಿಯಮ್ಮ’ ಎಂದು ಮೊದಲೇ ಹೇಳಿ ಕೂರುತ್ತಾರೆ. ನಿಶಿವಾಕಿಯವರಿಂದ ಎರಡು ಕಾಗದ ಬಂದಿವೆ, ಚನ್ನಾಜಮ್ಮನ ವಿಳಾಸಕ್ಕೇ. ಮೊದಲನೆಯದನ್ನು ಓದಲು ಹೇಳಿಕಳಿಸಿದಾಗ ನನ್ನನ್ನು ಹೊಸಿಲ ಹೊರಗೇ ನಿಲ್ಲಿಸಿ ಓದಿಸಿದಳು. ನಾನು ಅಷ್ಟೂ ಹೊತ್ತು ನಿಂತು ಓದಿದೆ. ಕಾಲು ನೋವು ಬಂತು, ಬರಲಿ.

ಎರಡನೆಯದು ನಿನ್ನೆ ಬಂತು. ಹೋದೆ. ಒಳಗೆ ಕರೆದು ಕೂರಲು ಮಣೆ ಹಾಕಿದಳು. ಕಾಫಿ ಕೊಡಲಿಲ್ಲ.